ಕ್ಯಾಸಿಯೋ ಅಣ್ಣನಿಗೆ, ಮತ್ತೆ ಉಳಿದ ಎಲ್ಲರಿಗೂ

ಹೋದ ಶನಿವಾರ ರಾತ್ರಿ 70 ನಿಮಿಷ ನಿಂತು ನುಡಿಸಿದೆ. ಹೆಗಲ ಮೇಲೆ ಬೆಲ್ಟ್ ಇರಲಿಲ್ಲ, ಬೆರಳ ಕೆಳಗೆ ತಂತಿ ಇರಲಿಲ್ಲ. ಎದುರಿಗೆ ಒಂದು ಸ್ಟ್ಯಾಂಡು, ಅದರ ಮೇಲೆ ಎರಡು ಸಿಂತ್ (ಸಿಂಥಸೈಜರ್, ಕರೆಂಟಿನಿಂದ ಸದ್ದು ಹುಟ್ಟಿಸುವ ಕೀಬೋರ್ಡು), ಪಕ್ಕದಲ್ಲಿ ಬೆವರು ಒರೆಸೋಕೆ ಅಮ್ಮ ಕೊಟ್ಟ ಹಳೇ ಟವೆಲ್ಲು. 12 ವರ್ಷ ರಾಕ್ ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸಿದವನು ಒಂದು ಇಡೀ ಶೋ ಸಿಂತ್ ಮುಂದೆ ಮುಗಿಸಿದ್ದು ಇದೇ ಮೊದಲು. ತುಮಕೂರಲ್ಲಿ ಇಂಥದ್ದಕ್ಕೆ ಯಾರು ಬರ್ತಾರೆ ಅಂತ ಹೆದರಿದ್ದೆ. ಬಂದಿರಿ. ಕುರ್ಚಿ ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತು ಕೇಳಿದಿರಿ. ಥ್ಯಾಂಕ್ಸ್.

ಎಡಗೈ ಕೈ ಕೊಟ್ಟು ಬೇಸ್ ಬಿಡಬೇಕಾಗಿ ಬಂದ ಕಥೆ ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತು, ನನಗೂ ಹೇಳಿ ಹೇಳಿ ಸಾಕಾಗಿದೆ.

ಅಮ್ಮನಿಗೆ, ಅಕ್ಕ ಭಾವನಿಗೆ, ಫಿಸಿಯೋ ಮೇಡಂಗೆ, ಕೇಳದೇ ಅಕೌಂಟಿಗೆ ದುಡ್ಡು ಹಾಕಿ ಇವತ್ತಿನವರೆಗೂ ಬಾಯಿ ಬಿಡದ ಕಾಲೇಜು ಗೆಳೆಯರಿಗೆ, ಆರು ತಿಂಗಳು ಬೈಕಿನ ಹಿಂದೆ ಕೂರಿಸಿಕೊಂಡು ಓಡಾಡಿಸಿದ ನಮ್ಮ ಡ್ರಮ್ಮರ್‌ಗೆ, ಕ್ಯಾತ್ಸಂದ್ರದಲ್ಲಿ ಒಂದೇ ಕೈಯಲ್ಲಿ ತಿನ್ನಲಿ ಅಂತ ತಟ್ಟೆ ಇಡ್ಲಿಯನ್ನು ತುಂಡು ಮಾಡಿಯೇ ಕೊಡುತ್ತಿದ್ದ ಹೋಟೆಲ್ ಅಣ್ಣನಿಗೆ, ಎಲ್ಲರಿಗೂ ಋಣಿ. ನಿಮ್ಮನ್ನೆಲ್ಲ ಒಂದೇ ಸಾಲಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೆ ಬೇಕು.

ಅವರ ಹೆಸರು ಹಾಕುವ ಹಾಗಿಲ್ಲ. "ಪೇಪರ್ನಲ್ಲಿ ಹಾಕ್ದಂಗೆ ಹಾಕ್ಬೇಡ, ಸಾಲ ಕೊಟ್ಟೋರು ನೋಡ್ತಾರೆ" ಅಂತ ಆಜ್ಞೆಯಾಗಿದೆ. ನಮ್ಮ ಏರಿಯಾದಲ್ಲಿ ಅವರು ಕ್ಯಾಸಿಯೋ ಅಣ್ಣ. ನುಡಿಸುವುದು ಯಮಹಾ. ಆದರೆ ನಮ್ಮ ಕಡೆ ಬಿಳಿ ಕಪ್ಪು ಮನೆ ಇದ್ದು ಕರೆಂಟಿಗೆ ಹಾಕುವಂಥದ್ದು ಏನೇ ಇದ್ದರೂ ಅದು ಕ್ಯಾಸಿಯೋನೇ, ಅಲ್ವಾ? ಹಗಲು ಮಿಕ್ಸಿ, ಗ್ರೈಂಡರ್ ರಿಪೇರಿ. ರಾತ್ರಿ ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಮೇಷ್ಟ್ರು. ಅವರ ಅಪ್ಪ ಹಾರ್ಮೋನಿಯಂ ಮೇಷ್ಟ್ರು, ಗುಬ್ಬಿ ಕಡೆಯವರು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರಿನ ನೀರು ಕುಡಿದವರಿಗೆ ಹಾರ್ಮೋನಿಯಂ ಕಲಿಸಬೇಕಾ ಅಂತ ಅಣ್ಣ ಕೇಳುತ್ತಾರೆ. ರಿಪೇರಿಗೆ ಬಂದ ಮಿಕ್ಸಿಯನ್ನು ಆನ್ ಮಾಡಿ, ಕಣ್ಣು ಮುಚ್ಚಿ, "ಕಪ್ಪು ಎರಡು. ಬುಷ್ ಹೋಗಿದೆ" ಅನ್ನುವ ಮನುಷ್ಯ. ಅಂದರೆ ಮಿಕ್ಸಿ ಕೂಗುತ್ತಿರುವುದು ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ ಅಂತ.

ನನಗೂ ಅವರಿಗೂ ಪರಿಚಯ ಆಗಿದ್ದು ನನ್ನ ಬೇಸ್ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಸುಟ್ಟಾಗ. ಅವರೇ ಸರಿ ಮಾಡಿದ್ದರು. ಅಷ್ಟೇ ಸಂಬಂಧ.

ಕೈಗೆ ಹಾಗಾಗಿ ಐದನೇ ತಿಂಗಳು. ಆವತ್ತು ನಮ್ಮ ಬ್ಯಾಂಡ್ ಬೆಂಗಳೂರಲ್ಲಿ ನುಡಿಸುತ್ತಿತ್ತು. ನನ್ನ ಜಾಗದಲ್ಲಿ ಬೇರೆ ಹುಡುಗ. ನಾನೇ ಒಪ್ಪಿ ಕಳಿಸಿದ್ದು, ಶೋ ಬಿಡಬೇಡಿ ಅಂತ ದೊಡ್ಡ ಮನಸ್ಸಿನವನ ಹಾಗೆ ಹೇಳಿದ್ದೂ ನಾನೇ. ರಾತ್ರಿ ಎಂಟೂವರೆಯಿಂದ ಫೋನಿಗೆ ವಿಡಿಯೋ ಬರೋಕೆ ಶುರುವಾಯಿತು. ಹುಡುಗ ಚೆನ್ನಾಗಿ ನುಡಿಸಿದ್ದ. ಕೆಟ್ಟದಾಗಿ ನುಡಿಸಿದ್ದರೆ ನಾನು ಆರಾಮಾಗಿ ಮಲಗುತ್ತಿದ್ದೆ. ಎರಡನೇ ಹಾಡಿನಲ್ಲಿ ನಾನು ವರ್ಷಗಟ್ಟಲೆ ತಿದ್ದಿ ತಿದ್ದಿ ಕೂರಿಸಿದ್ದ ಒಂದು ಸಾಲು ಇದೆ. ಅದನ್ನು ಅವನು ಇನ್ನೂ ಸರಳ ಮಾಡಿದ್ದ, ಅದು ನನ್ನದಕ್ಕಿಂತ ಚೆನ್ನಾಗಿತ್ತು.

ಫೋನ್ ತೆಗೆದು ಕ್ಯಾಸಿಯೋ ಅಣ್ಣನಿಗೆ ಮಾಡಿದೆ. "ಅಣ್ಣಾ, ಆಂಪ್ ಕೊಡ್ತಾ ಇದೀನಿ. ನಾಟಕದವರಿಗೆ ಏನಾದ್ರೂ ಬೇಕಾಗುತ್ತಾ ನೋಡಿ. ಗಿಟಾರೂ ಹೋಗ್ಲಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಚೆಕ್ ಮಾಡ್ದೆ ಹೆಂಗಪ್ಪಾ ತಗೊಳ್ಳೋದು?"

ಹತ್ತು ಗಂಟೆಗೆ ಟಿವಿಎಸ್ ಮೊಪೆಡ್ ಮೇಲೆ ಬಂದರು. ಮುಂದೆ ಕಾಲ ಹತ್ತಿರ ಕೀಬೋರ್ಡು, ರಗ್ಗಿನಲ್ಲಿ ಸುತ್ತಿ ಹಗ್ಗ ಕಟ್ಟಿದ್ದು. ಆಂಪ್‌ಗೆ ಜಾಕ್ ಹಾಕಿದರು. ಆರ್ಗನ್ ಸದ್ದು ಇಟ್ಟು, ಟ್ರಾನ್ಸ್‌ಪೋಸ್ ಒತ್ತಿ ಒಂದು ಸ್ಥಾಯಿ ಕೆಳಗಿಳಿಸಿದರು. ಒಂದು ಬೆರಳಲ್ಲಿ ಕೆಳಗಿನ ಇ ಒತ್ತಿದರು. ಬೇಸ್‌ನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಬರುವ ಸ್ವರ ಅದು, ಸೆಕೆಂಡಿಗೆ 41 ಸಲ ನಡುಗುತ್ತದೆ. ಕಿವಿಗಿಂತ ಮೊದಲು ನೆಲಕ್ಕೆ ಕೇಳಿಸುತ್ತದೆ. ಅಡುಗೆ ಮನೆ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಝಿಲ್ ಅಂದವು. ಐದು ತಿಂಗಳಿಂದ ಆ ಮನೆಯಲ್ಲಿ ಆ ತಟ್ಟೆಗಳು ಅಂದಿರಲಿಲ್ಲ.

"ಎಡಗೈ ಪಾಡಿಗೆ ಎಡಗೈ ಇರ್ಲಿ. ಬಲಗೈನಲ್ಲಿ ಒಂದು ಬೆರಳು ಕೊಡು ಇಲ್ಲಿ" ಅಂದರು.

ಮಧ್ಯದಲ್ಲಿ ಒಂದು ತಮಾಷೆ ಆಯಿತು, ಅದನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗಲ್ಲ. ಹನ್ನೊಂದು ದಾಟಿತ್ತು. ಮೇಲಿನ ಮನೆಯ ಓನರ್ ಅಂಕಲ್ ಬೈಯೋಕೆ ಇಳಿದು ಬಂದರು. ಅವರು ಬಾಯಿ ತೆಗೆಯೋಕೆ ಮುಂಚೆ ಅಣ್ಣ ಕೇಳಿದರು, "ಸ್ವಾಮಿ, ನಿಮ್ದು ಶ್ರುತಿ ಯಾವ್ದು?" ತುಮಕೂರು ಜಿಲ್ಲೆಯಲ್ಲಿ ಐವತ್ತು ದಾಟಿದ ಗಂಡಸರಲ್ಲಿ ಎಷ್ಟು ಜನ ಕುರುಕ್ಷೇತ್ರದಲ್ಲಿ ಯಾವುದೋ ಒಂದು ಪಾರ್ಟು ಮಾಡಿರುತ್ತಾರೆ ಅಂತ ನಿಮಗೆ ಗೊತ್ತಲ್ಲ. ಅಂಕಲ್ ಅವರ ಊರಲ್ಲಿ ಎರಡು ಸಲ ಧರ್ಮರಾಯ. ದುಡ್ಡು ಕೊಟ್ಟು ಪಾರ್ಟು ತಗೊಂಡಿದ್ದರಂತೆ. ಹನ್ನೆರಡೂವರೆವರೆಗೆ ಲುಂಗಿಯಲ್ಲೇ ನಿಂತು ಹಾಡಿದರು. ಆಮೇಲೆ ಬಾಡಿಗೆ ವಿಷಯ ಎತ್ತದೆ ಮೇಲೆ ಹೋದರು.

ಅವರು ಹೋದ ಮೇಲೆ ಮನೆ ಖಾಲಿ ಅನಿಸಿತು. ಫೋನ್‌ನಲ್ಲಿ ಇನ್ನೊಂದು ವಿಡಿಯೋ ಬಂದಿತ್ತು. ನೋಡಬಾರದಿತ್ತು, ನೋಡಿದೆ. ಹುಡುಗರೆಲ್ಲ ಹೆಗಲ ಮೇಲೆ ಕೈ ಹಾಕಿಕೊಂಡು ಸ್ಟೇಜಿನ ಮುಂದೆ ಬಗ್ಗುತ್ತಿದ್ದರು. ನಾಲ್ಕು ಜನ. ಮುಂಚೆಯೂ ನಾಲ್ಕೇ ಜನ ಇದ್ದಿದ್ದು. ಒಬ್ಬ ಕಮ್ಮಿಯಾಗಿದ್ದಾನೆ ಅಂತ ಆ ವಿಡಿಯೋ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆವತ್ತು ನನಗೆ ಗಿಟಾರ್ ಮಾತ್ರ ಬೇಡವಾಗಿರಲಿಲ್ಲ, ಬೆಳಗಾಗುವುದೇ ಬೇಡವಾಗಿತ್ತು. ಅಳು ಬಂತು. ಗಂಟಲು ಕಿತ್ತು ಬರುವ ಹಾಗೆ ಬಂತು.

ಅಣ್ಣ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ವಾಲ್ಯೂಮ್ ಸ್ವಲ್ಪ ಏರಿಸಿ ಅದೇ ಇ ಒತ್ತಿ ಹಿಡಿದರು. ಬಿಡಲೇ ಇಲ್ಲ. ಒಳಗೆ ಅಮ್ಮ ಮಲಗಿದ್ದರು. ಸದ್ದು ನಿಂತರೆ ನನ್ನ ಅಳು ಅವರಿಗೆ ಕೇಳಿಸುತ್ತೆ ಅಂತ ಹಾಗೆ ಹಿಡಿದುಕೊಂಡಿದ್ದರು ಅಂತ ನನಗೆ ಹೊಳೆದದ್ದು ಎಷ್ಟೋ ವಾರ ಆದ ಮೇಲೆ. ಕೇಳಿದರೆ "ಆಂಪ್ ಟೆಸ್ಟ್ ಮಾಡ್ತಿದ್ದೆ ಕಣೋ" ಅಂತಾರೆ.

ನಾನು ಮುಖ ತೊಳೆದು ಬಂದ ಮೇಲೆ ಪಾಠ ಶುರು. ಬೇಸ್ ತಂತಿಯನ್ನು ಒಂದು ಸಲ ಮೀಟಿದರೆ ಸದ್ದು ತಾನಾಗೇ ಆರುತ್ತಾ ಹೋಗುತ್ತದೆ. ಅದನ್ನೇ ನಂಬಿ 12 ವರ್ಷ ನುಡಿಸಿದ್ದೆ. ಇಲ್ಲಿ ಬೆರಳು ಎತ್ತುವವರೆಗೆ ಸ್ವರ ಆರುವುದಿಲ್ಲ. ನಾನು ಒತ್ತಿದೆ, ಮುಂದಿನ ಸ್ವರಕ್ಕೆ ಹೋದೆ, ಹಿಂದಿನದು ಇನ್ನೂ ಅಂಟಿಕೊಂಡೇ ಇತ್ತು. "ಗಿಟಾರ್ನಲ್ಲಿ ಒತ್ತೋದು ಕಲ್ತಿದೀಯ. ಇಲ್ಲಿ ಎತ್ತೋದು ಕಲಿ" ಅಂದರು. ನಾಲ್ಕೂವರೆವರೆಗೆ ಬರೀ ಎತ್ತಿದೆ. ಐದಕ್ಕೆ ಅಮ್ಮ ಎದ್ದು, ಇಬ್ಬರನ್ನೂ ನೋಡಿ, ಏನೂ ಕೇಳದೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚೋಕೆ ಕೂತರು.

ಆಂಪ್ ತಗೊಂಡು ಹೋಗಲಿಲ್ಲ. "ರೇಟ್ ಜಾಸ್ತಿ ಆಯ್ತು" ಅಂದರು. ನಾನು ರೇಟೇ ಹೇಳಿರಲಿಲ್ಲ.

ಆಮೇಲಿನ ಎಂಟು ತಿಂಗಳು ನಾನು ಎಲ್ಲಿದ್ದೆ ಅಂತ ತುಂಬ ಜನ ಕೇಳಿದ್ದೀರಿ. ಕುರುಕ್ಷೇತ್ರದಲ್ಲಿದ್ದೆ. ಗುಬ್ಬಿ, ಕೊರಟಗೆರೆ, ಶಿರಾ ಕಡೆಯ ಹಳ್ಳಿಗಳಲ್ಲಿ, ಬಾಡಿಗೆ ಸೀನ್ಸ್ ಮುಂದೆ, ಅಣ್ಣನ ಎಡಗಡೆ ಕೂತು, ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ಕೆಳಗಿನ ಸ್ವರ ಹಿಡಿಯುವುದು ನನ್ನ ಕೆಲಸ. ಕೃಷ್ಣ ಕಪ್ಪು ಒಂದರಲ್ಲಿ ಹಾಡುತ್ತಾನೆ, ದುರ್ಯೋಧನ ಬರುವಾಗ ಕಪ್ಪು ಎರಡು, ಭೀಮ ಎಲ್ಲಿ ಶುರು ಮಾಡುತ್ತಾನೋ ಆ ಭೀಮನಿಗೂ ಗೊತ್ತಿಲ್ಲ. ಅವನು ಎಲ್ಲಿ ಹೋಗುತ್ತಾನೋ ಅಲ್ಲಿಗೆ ಹೋಗಬೇಕು. ಒನ್ಸ್ ಮೋರ್ ಅಂತ ಕೂಗಿದರೆ ಮತ್ತೆ ಹೋಗಬೇಕು. ಕಾಲೇಜು ಫೆಸ್ಟ್‌ಗಳಲ್ಲಿ ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು ನುಡಿಸಿದವನಿಗೆ ಇದು ಬೇರೆಯದೇ ಲೋಕ. ದುರ್ಯೋಧನನ ಪ್ರವೇಶಕ್ಕೆ ಮುಂಚೆ ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿದರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ ಅನ್ನುವುದು ನನಗೀಗ ಗೊತ್ತು. ಶನಿವಾರದ ಶೋ ಶುರುವಾಗಿದ್ದು ಆ ಸ್ವರದಿಂದಲೇ.

ನಾಟಕದಿಂದ ಬಂದ ದುಡ್ಡಲ್ಲೇ ಸೆಕೆಂಡ್ ಹ್ಯಾಂಡ್ ಕೋರ್ಗ್ ಮೋನೋಲಾಗ್ ತಗೊಂಡೆ. ಒಂದು ಸಲಕ್ಕೆ ಒಂದೇ ಸ್ವರ ಬರುವ ಸಿಂತ್. "ಇಷ್ಟು ದುಡ್ಡಿಗೆ ಒಂದೇನಾ?" ಅಂದರು ಅಣ್ಣ. ಆದರೆ ಬೇಸ್ ನುಡಿಸುವವನಿಗೆ ಒಂದು ಸ್ವರ ಸಾಕು. ಇನ್ನೊಂದು ವಿಶೇಷ ಇದೆ. ಸಾಮಾನ್ಯವಾಗಿ ಕೀಬೋರ್ಡ್‌ಗಳು ಸಿ ಇಂದ ಶುರುವಾಗುತ್ತವೆ. ಇದರ 25 ಕೀಗಳು ಇ ಇಂದ ಶುರುವಾಗಿ ಇ ಗೆ ಮುಗಿಯುತ್ತವೆ, ಬೇಸ್‌ನ ದಪ್ಪ ತಂತಿಯ ಹಾಗೆ. ಡಬ್ಬ ತೆಗೆದು ಮೊದಲ ಕೀ ಮೇಲೆ ಬೆರಳಿಟ್ಟಾಗ ನಮ್ಮ ಮನೆ ಬಾಗಿಲಿಗೆ ಬಂದ ಹಾಗಾಯಿತು. ಆರು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ ಕೂಡ. ಹಳ್ಳಿಯಲ್ಲಿ ಮಧ್ಯರಾತ್ರಿ ಜನರೇಟರ್ ಕೈ ಕೊಟ್ಟವರಿಗೆ ಇದರ ಬೆಲೆ ಗೊತ್ತು.

ಬ್ಯಾಂಡಿಗೆ ವಾಪಸ್ ಹೋದಾಗ ಜಗಳ ಆಗಿದ್ದು ನಿಜ. ಸಿಂತ್ ಜಾಸ್ತಿ ಆಯಿತು, ನನ್ನ ಗಿಟಾರ್ ಕೇಳಿಸ್ತಾ ಇಲ್ಲ ಅಂತ ನಮ್ಮ ಗಿಟಾರಿಸ್ಟ್ ಮೂರು ವಾರ ಮಾತು ಬಿಟ್ಟ. ಆಮೇಲೆ ಅವನೇ ರಾತ್ರಿ ಎರಡಕ್ಕೆ ಒಂದು ವಿಡಿಯೋ ಕಳಿಸಿದ. ಕೆನಡಾದ ರಶ್ ಬ್ಯಾಂಡಿನ ಗೆಡ್ಡಿ ಲೀ. ಬೇಸ್ ನುಡಿಸುತ್ತಾ, ಹಾಡುತ್ತಾ, ಕಾಲಲ್ಲಿ ಒತ್ತಿದರೆ ಬೇಸ್ ಸ್ವರ ಬರುವ ಮೂಗ್ ಕಂಪನಿಯ ಟಾರಸ್ ಪೆಡಲ್ ಒತ್ತುತ್ತಾ, ನಡುವೆ ಸಿಂತ್ ಕಡೆ ತಿರುಗುವ ಮನುಷ್ಯ. ಎಂಬತ್ತರ ದಶಕದಲ್ಲಿ ಅವರ ಗಿಟಾರಿಸ್ಟ್ ಅಲೆಕ್ಸ್ ಲೈಫ್‌ಸನ್‌ಗೂ ಇದೇ ದೂರು ಇತ್ತಂತೆ. ಕೆಳಗೆ ಒಂದೇ ಸಾಲು ಬರೆದಿದ್ದ: "ಅವರು ಬ್ಯಾಂಡ್ ಬಿಡಲಿಲ್ಲ, ನಾನೂ ಬಿಡಲ್ಲ, ಆದ್ರೆ ಮೂರನೇ ಹಾಡಲ್ಲಿ ನೀನು ಸುಮ್ನಿರ್ಬೇಕು." ಸುಮ್ನಿದ್ದೆ, ನೀವೇ ಕೇಳಿದಿರಲ್ಲ. ಥ್ಯಾಂಕ್ಸ್ ಮಗಾ.

ನಾನು ಅಣ್ಣನಿಗೆ ಕೇಳಿಸಿದ್ದು ಚರಣ್‌ಜಿತ್ ಸಿಂಗ್ ಅವರನ್ನು. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಬೇಸ್ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಮ್ಮಿ. 2010ರಲ್ಲಿ ಮತ್ತೆ ಹೊರಬಂದಾಗ ಬೇರೆ ದೇಶದವರೆಲ್ಲ ಹುಡುಕಿಕೊಂಡು ಬಂದರು. ಅವರು ಬಳಸಿದ ಯಂತ್ರಗಳಲ್ಲಿ ಒಂದು ಟಿಬಿ-303. ಬೇಸ್ ನುಡಿಸುವವನು ಸಿಗದಿದ್ದರೆ ಅವನ ಬದಲಿಗೆ ಇರಲಿ ಅಂತ ಮಾಡಿದ ಪೆಟ್ಟಿಗೆ ಅದು, ಅಂದರೆ ನನ್ನಂಥವನ ಅನ್ನಕ್ಕೆ ಕಲ್ಲು ಹಾಕೋಕೆ ಹುಟ್ಟಿದ್ದು. ಬೇಸ್ ಗಿಟಾರಿನ ಹಾಗೆ ಕೇಳಿಸದೆ ಸೋತು 1984ರಲ್ಲೇ ನಿಂತುಹೋಯಿತು. ಅಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಭೈರವ್ ರಾಗ ಕೇಳಿದರು. "ಇದು ನಮ್ಮ ಮಾಯಾಮಾಳವಗೌಳ ಅಲ್ವೇನೋ? ಸರಳೆ ವರಸೆ ಹಾಡೋ ರಾಗ" ಅಂದರು. ಆಮೇಲೆ, "ಆ ಮಿಷಿನ್ ಸಿಕ್ಕಿದ್ರೆ ತಗೊಂಬಾ, ಬಿಚ್ಚಿ ನೋಡಣ."

ನನ್ನ ಜಾಗಕ್ಕೆ ಬಂದ ಹುಡುಗನಿಗೂ ಒಂದು ಮಾತು. ತಮ್ಮಾ, ಆರು ತಿಂಗಳು ನಿನ್ನ ಫೋನ್ ಎತ್ತಲಿಲ್ಲ. ಹೊಟ್ಟೆಕಿಚ್ಚು, ಬೇರೇನಿಲ್ಲ. ಈಗ ನೀನು ಬೇಸ್, ನಾನು ನಿನ್ನ ಪಕ್ಕ ಸಿಂತ್, ಫೋಟೋದಲ್ಲಿ ಐದು ಜನ. ಆ ಎರಡನೇ ಹಾಡಿನ ಸಾಲು ನೀನು ನುಡಿಸಿದ ಹಾಗೇ ಇರಲಿ. ನನ್ನ ಗಿಟಾರೂ ನಿನ್ನ ಹತ್ತಿರವೇ ಇರಲಿ, ಮಳೆಗಾಲದಲ್ಲಿ ಡಬ್ಬದೊಳಗೆ ಇಡಬೇಡ.

ಶೋ ಮುಗಿದ ಮೇಲೆ ಅಣ್ಣ ಹಿಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಟೆಸ್ಟರ್. ತಬ್ಬಿಕೊಳ್ಳುತ್ತಾರೆ ಅಂದುಕೊಂಡೆ. "ನಾಲ್ಕನೇ ಹಾಡಿನಲ್ಲಿ ಎತ್ತೋದು ಲೇಟ್ ಆಯ್ತು" ಅಂದರು. ನಿಜ, ಲೇಟಾಗಿತ್ತು. ಆಮೇಲೆ ಆಂಪ್ ಸುತ್ತ ಒಂದು ಸುತ್ತು ಬಂದು, ಹಿಂದೆ ಕೈಯಿಟ್ಟು ಬಿಸಿ ನೋಡಿ, "ರೇಟ್ ಏನಾದ್ರೂ ಇಳೀತಾ?" ಅಂತ ಕೇಳಿದರು.

ಇಳಿದಿಲ್ಲ ಅಣ್ಣಾ.

ಬರುವ ಶನಿವಾರ ಕೊರಟಗೆರೆ ಹತ್ತಿರ ಕುರುಕ್ಷೇತ್ರ ಇದೆ. ನಾನು ಅಣ್ಣನ ಎಡಗಡೆ ಇರುತ್ತೇನೆ. ಬರುವವರು ಮೆಸೇಜ್ ಮಾಡಿ, ಊರಿನ ಲೊಕೇಶನ್ ಕಳಿಸುತ್ತೇನೆ. ಸ್ವೆಟರ್ ತನ್ನಿ, ಬೆಳಗಿನ ಜಾವ ಚಳಿ ಇರುತ್ತದೆ.