ಮತ್ತೆ ‘ಬ’ ಬಂದಿದೆ

ಮೊನ್ನೆ ನಮ್ಮೂರಿನ ಭಜನಾ ಮಂದಿರದ ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಮುಕ್ಕಾಲು ಗಂಟೆ ವಿದುರನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದೆ. ಮೇಲ್ದವಡೆಯ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷದ ಮೇಲೆ. ಮನೆಗೆ ಬಂದು ಮಲಗಿದರೆ, ಯಾರ್ಯಾರ ಋಣದಿಂದ ಈ ಮಾತು ಹೊರಟಿತೆಂದು ಲೆಕ್ಕ ಹಾಕುತ್ತಾ ನಿದ್ದೆಯೇ ಬರಲಿಲ್ಲ.

ಮೂವತ್ತು ವರ್ಷ ಸ್ವಂತ ತೋಟದ ಅಡಿಕೆಯನ್ನೇ ಹೊಗೆಸೊಪ್ಪಿನ ಜತೆ ಜಗಿದವನು ನಾನು. ದೂರಲು ಬೇರೆ ಯಾರೂ ಇಲ್ಲ. ಮಂಗಳೂರಿನ ಶಸ್ತ್ರವೈದ್ಯರು ಗಡ್ಡೆಯೊಂದಿಗೆ ಅಂಗುಳಿನ ಒಂದು ಪಾಲನ್ನೂ ತೆಗೆದು ಜೀವ ಉಳಿಸಿದರು. ಅವರಿಗೆ ಮೊದಲ ನಮಸ್ಕಾರ. ಆದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆ ಹೋಗಿತ್ತು. ಆಗ ಕೂರಿಸಿದ ತಾತ್ಕಾಲಿಕ ಮುಚ್ಚಳ ಗಾಯ ಒಣಗುತ್ತಿದ್ದಂತೆ ಸಡಿಲವಾಯಿತು. ಕುಡಿದ ಗಂಜಿತಿಳಿ ಮೂಗಿನಲ್ಲಿ ಇಳಿಯುತ್ತಿತ್ತು. ಕನ್ನಡ ಮಾಸ್ತರನಾಗಿದ್ದ ನನಗೆ ಅದಕ್ಕಿಂತ ನಾಚಿಕೆ ತಂದದ್ದು ಮಾತು. ವರ್ಗದ ಅಕ್ಷರಗಳೆಲ್ಲ ಅನುನಾಸಿಕಕ್ಕೆ ಜಾರುತ್ತಿದ್ದವು. ‘ದಾರಿ ಬಿಡಿ’ ಎಂದರೆ ‘ನಾರಿ ಮಿಣಿ’!

ದಂತವೈದ್ಯದಲ್ಲಿ ಎಂಡಿಎಸ್ (ಸ್ನಾತಕೋತ್ತರ ಪದವಿ) ಓದಲು ನಮ್ಮ ದೇಶದಲ್ಲಿ 9 ಶಾಖೆಗಳಿವೆಯಂತೆ. ಅವುಗಳಲ್ಲಿ ಪ್ರಾಸ್ಥೊಡಾಂಟಿಕ್ಸ್ ಎಂದರೆ ಮುದುಕರಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಎಂದಷ್ಟೇ ನಾನು ತಿಳಿದಿದ್ದೆ. ಮುಚ್ಚಳಕ್ಕಾಗಿ ಆ ವಿಭಾಗಕ್ಕೆ ಹೋಗಿ ನೋಡಿದರೆ, ಪಕ್ಕದ ಕುರ್ಚಿಯಲ್ಲಿದ್ದವರಿಗೆ ಸಿಲಿಕೋನಿನ ಕಿವಿ ತಯಾರಾಗುತ್ತಿತ್ತು.

ನನಗೆ ಮಾಡಿದ್ದು ಆಬ್ಚುರೇಟರ್, ಅಂದರೆ ಅಂಗುಳಿನ ತೂತು ಮುಚ್ಚುವ ಕೃತಕ ಅಂಗುಳು. ಅಚ್ಚು ತೆಗೆದು, ಅಕ್ರಿಲಿಕ್‌ನಲ್ಲಿ ಅಂಗುಳು, ಅದಕ್ಕೇ ಹಲ್ಲು, ಮೇಲೆ ತೂತನ್ನು ತುಂಬುವ ಒಂದು ಗುಬುಟು. ಭಾರಕ್ಕೆ ಕೆಳಗೆ ಜಾರದಿರಲೆಂದು ಆ ಗುಬುಟಿನ ಒಳಗೆ ಟೊಳ್ಳು. ಕಾಸರಗೋಡು ಎಂದೊಡನೆ ಡಾಕ್ಟರಮ್ಮ ಮಲಯಾಳದಲ್ಲಿ ಮಾತು ತೆಗೆದರು (ಇದು ನಮಗೆ ಹೊಸತಲ್ಲ). ನಾನು ಕನ್ನಡದಲ್ಲೇ ಉತ್ತರಿಸಿದೆ, ಅಂದರೆ ಉತ್ತರಿಸಲು ನೋಡಿದೆ. ಒಂದೊಂದು ಸಲ ಉಜ್ಜಿ ತಂದಾಗಲೂ “ಹೇಳಿ ಮಾಸ್ಟ್ರೇ, ಪ, ಬ” ಎನ್ನುತ್ತಿದ್ದರು. ನಾಲ್ಕನೆಯ ಭೇಟಿಯಲ್ಲಿ ‘ಬ’ ಬಂತು. ನಾನು ನಿಲ್ಲಿಸದೆ ಬಾ, ಬಿ, ಬೀ ಎಂದು ಕಾಗುಣಿತವನ್ನೇ ಹೇಳಿಬಿಟ್ಟೆ. ಅವರು ತಡೆಯಲಿಲ್ಲ.

ಒಳಗಿನ ಲ್ಯಾಬಿನಲ್ಲಿ ಕುಳಿತು ಅದನ್ನು ಅರೆದು ಹೊಳಪು ಕೊಟ್ಟವರ ಮುಖವನ್ನು ನಾನು ಕಂಡಿಲ್ಲ. ಅವರಿಗೂ ವಂದನೆ. ಗಡಿಯ ತಲಪಾಡಿ ದಾಟಿ ಅಷ್ಟೂ ಸಲ ಕಾರು ಓಡಿಸಿದ ಭಾವನವರು ಪೆಟ್ರೋಲಿನ ದುಡ್ಡು ಮುಟ್ಟಿದವರಲ್ಲ.

ಇನ್ನು ಹೆಂಡತಿ. ಆ ತಿಂಗಳುಗಳಲ್ಲಿ ನನ್ನ ‘ನಾರಿ’ಯನ್ನೆಲ್ಲ ದಾರಿ ಎಂದೇ ಕೇಳಿಸಿಕೊಂಡು, ಒಮ್ಮೆಯೂ “ಏನು?” ಎಂದು ಮರುಕೇಳಲಿಲ್ಲ.