ಪಂಜ್ ನದಿಯ ಈಚೆಯಿಂದ ಅಣ್ಣನಿಗೆ

ಸಂಗ್ತುದಾ, ತಾಜಿಕಿಸ್ತಾನ
14 ಡಿಸೆಂಬರ್ 2025

ಪ್ರೀತಿಯ ಅಣ್ಣನಿಗೆ,

ನಾನು ಕ್ಷೇಮ. ಅಮ್ಮನಿಗೆ ಈ ಪತ್ರ ಓದಿ ಹೇಳುವಾಗ ಮೊದಲು ಈ ಮಾತನ್ನೇ ಓದು, ಇಲ್ಲದಿದ್ದರೆ ಮುಂದಿನದು ಯಾವುದೂ ಅವಳ ಕಿವಿಗೆ ಬೀಳುವುದಿಲ್ಲ. ಅತ್ತಿಗೆಗೆ, ಪುಟ್ಟಿಗೆ ನನ್ನ ನೆನಪು.

ಮೊನ್ನೆ ಫೋನಿನಲ್ಲಿ ನೀನು ಸಿಟ್ಟು ಮಾಡಿಕೊಂಡು ಇಟ್ಟುಬಿಟ್ಟೆ. ನೀನು ಟಿವಿಯಲ್ಲಿ ನೋಡಿದ ಸುದ್ದಿ ನಿಜ. ನವೆಂಬರ್ ಕೊನೆಯಲ್ಲಿ ಅಫ್ಘಾನಿಸ್ತಾನದ ಕಡೆಯಿಂದ ಎರಡು ದಾಳಿಗಳಾದವು, ಐವರು ಚೀನೀ ಕೆಲಸಗಾರರು ಸತ್ತರು. ಮೊದಲ ಸಲ ಡ್ರೋನಿಗೆ ಗ್ರೆನೇಡ್ ಕಟ್ಟಿ ಹಾರಿಸಿದ್ದರು. ಅದು ನಡೆದದ್ದು ಖತ್ಲಾನ್ ಪ್ರಾಂತ್ಯದಲ್ಲಿ, ನಮ್ಮ ಸಂಗ್ತುದಾ ಇರುವುದೂ ಅದೇ ಪ್ರಾಂತ್ಯದಲ್ಲಿ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಆ ಜಾಗ ಗಡಿಯಂಚಿನದು. ನಾನು ಕೆಲಸ ಮಾಡುವ ವಿದ್ಯುತ್ ಕನ್ವರ್ಟರ್ ಸ್ಟೇಷನ್ ಇರುವುದು ಬಹಳ ಒಳಗೆ, ವಖ್ಶ್ ನದಿಯ ಬಳಿ. ಗಡಿಯ ಕಡೆ ಹೋಗುವ ಕೆಲಸ ನನಗಿಲ್ಲ.

"ಅಮೆರಿಕದವರು ಕೈಕೊಡವಿಕೊಂಡು ಹೋದರು, ಇನ್ನು 1989 ಮತ್ತೆ ಬರುತ್ತೆ, ಗಂಟುಮೂಟೆ ಕಟ್ಟು" ಅಂದೆಯಲ್ಲ, ಅದಕ್ಕೆ ಸಮಾಧಾನವಾಗಿ ಉತ್ತರ ಬರೆಯಬೇಕೆಂದೇ ಕೂತಿದ್ದೇನೆ. ಫೋನಿನಲ್ಲಿ ಅಣ್ಣ ತಂಗಿ ಇಬ್ಬರದೂ ದನಿ ಏರುತ್ತದೆ.

ಕಾಶ್ಮೀರದ ಕುಪ್ವಾರದಲ್ಲಿ ಕಾವಲಿದ್ದವನು ನೀನು, ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. 1989ರಲ್ಲಿ, ಅಫ್ಘಾನಿಸ್ತಾನದಿಂದ ಸೋವಿಯತ್ ಸೇನೆ ಹೊರಟ ವರ್ಷವೇ ಕಾಶ್ಮೀರ ಹೊತ್ತಿಕೊಂಡಿತು. ಅಫ್ಘಾನ್ ಯುದ್ಧಕ್ಕೆಂದು ಬಂದ ಬಂದೂಕು, ಆ ಯುದ್ಧದಲ್ಲೇ ಪಳಗಿದ ಜನ, ಎರಡೂ ನಿಮ್ಮ ಎದುರಿಗೆ ಬಂದವು. 1999ರ ಡಿಸೆಂಬರಿನಲ್ಲಿ ನಮ್ಮ ವಿಮಾನವನ್ನು ಕಂದಹಾರಕ್ಕೆ ಒಯ್ದಾಗ ಅಪ್ಪ ರೇಡಿಯೋ ಬಿಟ್ಟು ಏಳಲಿಲ್ಲ. ಈಗಲೂ ಅಷ್ಟೇ, ಅಮೆರಿಕದವರು ಅಫ್ಘಾನ್ ಸೇನೆಗೆ ಕೊಟ್ಟಿದ್ದ 700 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಸಾಮಗ್ರಿ ಅಲ್ಲೇ ಉಳಿಯಿತು, ಎಂ-4 ಬಂದೂಕುಗಳು ಕಾಶ್ಮೀರದಲ್ಲೂ ಸಿಕ್ಕಿವೆ. ನಿನ್ನ ಭಯಕ್ಕೆ ಆಧಾರವಿದೆ.

ಆದರೆ 1989ರ ಕತೆಯಲ್ಲಿ ನೀನು ಒಂದು ಭಾಗ ಬಿಟ್ಟು ಹೇಳುತ್ತೀಯ. ಫೆಬ್ರವರಿ 15ರಂದು ಸೋವಿಯತ್ ಜನರಲ್ ಗ್ರೊಮೊವ್ ಗಡಿಯ ತೆರ್ಮೆಜ್‌ನ ಸೇತುವೆ ದಾಟಿ ಬಂದ ಮೇಲೆ ಕಾಬೂಲ್ ಬೀಳಲಿಲ್ಲ. ಸೋವಿಯತ್ ಬೆಂಬಲದ ಅಧ್ಯಕ್ಷ ನಜೀಬುಲ್ಲಾ ಇನ್ನು ಕೆಲವೇ ವಾರದ ಮಾತು ಎಂದು ಎಲ್ಲರೂ ಎಣಿಸಿದ್ದರು. ಮಾರ್ಚಿನಲ್ಲಿ ಅವನ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್‌ಗಳು ಜಲಾಲಾಬಾದ್ ಹಿಡಿಯಲು ಹೋಗಿ ಸೋತರು. ಅವನ ಸರ್ಕಾರ ಮೂರು ವರ್ಷ ನಿಂತಿತು. ಮಾಸ್ಕೋದಿಂದ ಎಣ್ಣೆ, ಗೋಧಿ, ಹಣ ಬರುತ್ತಿದ್ದುದರಿಂದ ನಿಂತಿತು. ಸೋವಿಯತ್ ಒಕ್ಕೂಟವೇ ಒಡೆದು 1992ರ ಜನವರಿಗೆ ನೆರವು ನಿಂತುಹೋಯಿತು, ಏಪ್ರಿಲ್‌ಗೆ ನಜೀಬುಲ್ಲಾ ಮುಗಿದ. ಸಂಬಳವಿಲ್ಲದ ಸೇನಾನಾಯಕರು ತಂತಮ್ಮ ಪಡೆ ಕಟ್ಟಿಕೊಂಡು ದೂರವಾದರು, ಆಮೇಲೆ ಕಾಬೂಲನ್ನು ಅವರವರೇ ಸುಟ್ಟುಕೊಂಡರು. ಅದೇ ವರ್ಷ ಗಡಿಯ ಪಂಜ್ ನದಿಯ ಈಚೆ ತಾಜಿಕಿಸ್ತಾನದಲ್ಲೂ ಅಂತರ್ಯುದ್ಧ ಶುರುವಾಯಿತು, 1997ರವರೆಗೆ ನಡೆಯಿತು. ನಮ್ಮ ಮನೆಯೊಡತಿ ಆಗ ಕೈಗೂಸನ್ನು ಎತ್ತಿಕೊಂಡು ಓಡಿದವರು. ಇವತ್ತಿಗೂ ಅವರ ಅಡುಗೆಮನೆಯಲ್ಲಿ ಒಂದು ಮೂಟೆ ಹಿಟ್ಟು ಸದಾ ತುಂಬಿರಬೇಕು.

2021ರಲ್ಲೂ ನಡೆದದ್ದು ಇದೇ, ಬೇಗ ನಡೆಯಿತು ಅಷ್ಟೆ. ಅಫ್ಘಾನ್ ವಾಯುಪಡೆಯ ವಿಮಾನ, ಹೆಲಿಕಾಪ್ಟರ್‌ಗಳನ್ನು ಸುಸ್ಥಿತಿಯಲ್ಲಿಡುತ್ತಿದ್ದವರು ವಿದೇಶಿ ಗುತ್ತಿಗೆದಾರರು. ಅಮೆರಿಕದ ಸೇನೆಯ ಜೊತೆ ಅವರೂ ಹೊರಟರು. ಬೆಟ್ಟದ ಮೇಲಿನ ಠಾಣೆಗಳಿಗೆ ಗುಂಡು, ಊಟ ತಲುಪಲಿಲ್ಲ. ಜುಲೈನಲ್ಲಿ ಒಂದು ಸಾವಿರಕ್ಕೂ ಹೆಚ್ಚು ಅಫ್ಘಾನ್ ಸೈನಿಕರು ಗಡಿ ದಾಟಿ ಇಲ್ಲಿಗೆ ಬಂದರು. ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಆ ಸೈನಿಕರನ್ನು ಹೇಡಿಗಳೆಂದು ನಮ್ಮ ಕಡೆ ಎಷ್ಟು ಸಲೀಸಾಗಿ ಅಂದುಬಿಟ್ಟರು! ನೀನು ಅನ್ನಲಿಲ್ಲ, ನನಗೆ ಗೊತ್ತು. ಊಟವಿಲ್ಲದೆ ಪೋಸ್ಟ್ ಕಾಯುವುದೆಂದರೇನು ಎಂದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ಪರದೇಶದ ಸೈನ್ಯ ಹೋದ ಮೇಲೆ ಆ ದೇಶಕ್ಕೆ ಸಂಬಳ, ಹಿಟ್ಟು, ಕರೆಂಟು ಬರುತ್ತಿದೆಯೇ ಎಂದು ನಾನು ಮೊದಲು ಕೇಳುತ್ತೇನೆ. ಸುತ್ತಲಿನ ದೇಶಗಳ ಭದ್ರತೆ ಅದರ ಮೇಲೆ ನಿಂತಿದೆ ಎಂದೇ ನನ್ನ ನಂಬಿಕೆ. ಈ ಕೆಲಸ ಬಿಟ್ಟು ಬರಲು ನನಗೆ ಮನಸ್ಸಾಗದಿರುವುದಕ್ಕೂ ಅದೇ ಕಾರಣ.

ನಮ್ಮ ಲೈನಿನ ವಿಷಯ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಅಪ್ಪ ಇದ್ದಿದ್ದರೆ ಕಂಬದ ಎತ್ತರದಿಂದ ಹಿಡಿದು ಎಲ್ಲವನ್ನೂ ಕೇಳುತ್ತಿದ್ದರು, ಲೈನ್‌ಮ್ಯಾನ್ ಅಲ್ಲವೆ. ಕಾಸಾ-1000 ಎಂದು ಇದರ ಹೆಸರು. ಕಿರ್ಗಿಸ್ತಾನ, ತಾಜಿಕಿಸ್ತಾನಗಳಲ್ಲಿ ಬೇಸಿಗೆಗೆ ಹಿಮ ಕರಗಿ ನದಿಗಳು ತುಂಬುತ್ತವೆ, ಆಗ ವಿದ್ಯುತ್ತು ಮಿಕ್ಕುತ್ತದೆ. ಚಳಿಗಾಲದಲ್ಲಿ ಇಲ್ಲಿಯ ಹಳ್ಳಿಗಳಿಗೇ ಸಾಲದು, ಈಗಲೂ ಹೊತ್ತು ಗೊತ್ತು ನೋಡಿ ಕೊಡುತ್ತಾರೆ. ಬೇಸಿಗೆಯ ಆ 1300 ಮೆಗಾವ್ಯಾಟ್ ಹೆಚ್ಚುವರಿಯನ್ನು ಸಂಗ್ತುದಾದಲ್ಲಿ ಡಿಸಿ, ಅಂದರೆ ಏಕಮುಖ ವಿದ್ಯುತ್ ಮಾಡಿ, 500 ಕೆವಿ ಲೈನಿನಲ್ಲಿ ಅಫ್ಘಾನಿಸ್ತಾನದ ಬೆಟ್ಟಗಳ ಮೇಲೆ ಹಾಯಿಸಿ, ಪಾಕಿಸ್ತಾನದ ನೌಶೇರಾಕ್ಕೆ ಮುಟ್ಟಿಸಬೇಕು. ದಾರಿ ಕೊಟ್ಟದ್ದಕ್ಕೆ ಅಫ್ಘಾನಿಸ್ತಾನಕ್ಕೆ ಬಾಡಿಗೆ ಸಿಗುತ್ತದೆ. 2016ರಲ್ಲಿ ಚಾಲನೆ ಸಿಕ್ಕಿತು. 2021ರ ಆಗಸ್ಟಿನಲ್ಲಿ ವಿಶ್ವಬ್ಯಾಂಕ್ ಅಫ್ಘಾನ್ ಭಾಗಕ್ಕೆ ಹಣ ನಿಲ್ಲಿಸಿತು, 2024ರಲ್ಲಿ ಮತ್ತೆ ಶುರು ಮಾಡಲು ಒಪ್ಪಿತು. ಆ ಭಾಗದ 550 ಕಿ.ಮೀ.ಗೂ ಮಿಕ್ಕ ಲೈನು ಇನ್ನೂ ಮುಗಿದಿಲ್ಲ.

2016ರ ಜನವರಿಯಲ್ಲಿ ಬಗ್ಲಾನ್ ಪ್ರಾಂತ್ಯದಲ್ಲಿ ತಾಲಿಬಾನ್ ಹೋರಾಟಗಾರರು ಟವರ್ ಉರುಳಿಸಿ ಕಾಬೂಲನ್ನು ಕತ್ತಲೆಗೆ ದೂಡಿದ್ದರು. ಇವತ್ತು ಟವರ್ ಕಾಯಬೇಕಾದವರು ಅವರೇ, ನೆರೆದೇಶಗಳಿಗೆ ಕರೆಂಟ್ ಬಿಲ್ ಕಟ್ಟಬೇಕಾದವರೂ ಅವರೇ. ಅಫ್ಘಾನಿಸ್ತಾನದ ಬಹುಪಾಲು ವಿದ್ಯುತ್ತು ಉಜ್ಬೇಕಿಸ್ತಾನ, ತಾಜಿಕಿಸ್ತಾನ, ತುರ್ಕ್‌ಮೆನಿಸ್ತಾನ, ಇರಾನ್‌ಗಳಿಂದ ಬರುತ್ತದೆ. ಇಲ್ಲಿಯ ರಾಜಧಾನಿ ದುಶಾಂಬೆಯ ಸರ್ಕಾರಕ್ಕೆ ತಾಲಿಬಾನ್ ಕಂಡರೆ ಆಗುವುದಿಲ್ಲ, ಇವತ್ತಿಗೂ ಮಾನ್ಯತೆ ಕೊಟ್ಟಿಲ್ಲ, ಆದರೂ ಲೈನ್ ಕಡಿಯಲಿಲ್ಲ. ಇದು ವ್ಯಾಪಾರವೇ ಇರಬಹುದು. ಆದರೆ ಬಿಲ್ ಬಾಕಿಗೆ ಜಗಳ ಆಡುವವರು ಒಬ್ಬರೊಡನೊಬ್ಬರು ಮಾತನಾಡಲೇಬೇಕಾಗುತ್ತದೆ. ಉಜ್ಬೇಕಿಸ್ತಾನದ ವಿದ್ಯುತ್ತು 2009ರಲ್ಲಿ ಕಾಬೂಲ್ ತಲುಪಿದ್ದು ಯಾರು ಹಾಕಿದ ಲೈನಿನಿಂದ ಗೊತ್ತೇ? ಪುಲ್-ಎ-ಖುಮ್ರಿಯಿಂದ ಸಲಾಂಗ್ ಕಣಿವೆದಾರಿಯ ಹಿಮದ ಮೇಲೆ 220 ಕೆವಿ ಲೈನ್ ಎಳೆದದ್ದು ನಮ್ಮ ಭಾರತ ಸರ್ಕಾರದ ಕಂಪನಿ ಪವರ್‌ಗ್ರಿಡ್. ಸರ್ಕಾರಗಳು ಬದಲಾದವು, ಲೈನು ನಡೆಯುತ್ತಿದೆ. ಇಲ್ಲಿಯ ಹಿರಿಯ ಎಂಜಿನಿಯರುಗಳು ಅದರ ಬಗ್ಗೆ ಗೌರವದಿಂದ ಮಾತಾಡಿದಾಗ ನನಗೆ ಎದೆ ತುಂಬುತ್ತದೆ.

ಬೇಲಿ ಹಾಕಿ ಬಾಗಿಲು ಮುಚ್ಚಿದರೆ ಆಯಿತು ಅನ್ನುತ್ತೀಯ. ಪಾಕಿಸ್ತಾನ ಅದನ್ನೇ ಮಾಡಿತು. ಅಫ್ಘಾನಿಸ್ತಾನದ ಜೊತೆಗಿನ ಗಡಿ, 2600 ಕಿ.ಮೀ. ಡ್ಯುರಾಂಡ್ ರೇಖೆಗೆ ಹೆಚ್ಚೂಕಡಿಮೆ ಪೂರ್ತಿ ಬೇಲಿ ಹಾಕಿದೆ. ಆದರೂ 2023ರ ಜನವರಿಯಲ್ಲಿ ಪೇಶಾವರದ ಪೊಲೀಸ್ ಲೈನ್ಸ್ ಮಸೀದಿಯಲ್ಲಿ ಬಾಂಬ್ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಇಪ್ಪತ್ತು ವರ್ಷ ಅಫ್ಘಾನ್ ತಾಲಿಬಾನ್‌ಗೆ ಜಾಗ ಕೊಟ್ಟು ಸಾಕಿದವರಿಗೆ ಈಗ ಅದೇ ಗಡಿಯಿಂದ ಟಿಟಿಪಿ, ಅಂದರೆ ಪಾಕಿಸ್ತಾನಿ ತಾಲಿಬಾನ್ ಕಾಟ. ಈ ಅಕ್ಟೋಬರಿನಲ್ಲಿ ಎರಡೂ ಸೇನೆಗಳು ನೇರವಾಗಿ ಹೊಡೆದಾಡಿದವು, ದೋಹಾದಲ್ಲಿ ಕದನವಿರಾಮವಾಯಿತು, ತೋರ್ಖಾಮ್, ಚಮನ್‌ನ ಗಡಿ ಗೇಟುಗಳು ವ್ಯಾಪಾರಕ್ಕೆ ಮುಚ್ಚಿದವು. ಪಾಕಿಸ್ತಾನದ ಪೇಟೆಯಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿತು, ಅಫ್ಘಾನ್ ರೈತನ ಹಣ್ಣು ಲಾರಿಯಲ್ಲೇ ಕೊಳೆಯಿತು. ಇದರಿಂದ ಯಾವ ಬಂದೂಕಿನವನಿಗೆ ನಷ್ಟವಾಯಿತು ಹೇಳು.

ಎಲ್ಲಕ್ಕಿಂತ ನನಗೆ ಸಂಕಟವಾಗುವುದು ಜನರನ್ನು ತಳ್ಳುವ ವಿಚಾರ. ಇರಾನ್, ಪಾಕಿಸ್ತಾನಗಳಿಂದ ಈ ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಹೆಚ್ಚು ಅಫ್ಘನ್ನರು ವಾಪಸಾಗಿದ್ದಾರೆ, ತುಂಬ ಜನ ಬಲವಂತದಿಂದ. ಕೆಲಸವಿಲ್ಲದ ದೇಶಕ್ಕೆ ಅಷ್ಟು ಹರೆಯದ ಹುಡುಗರು ಒಮ್ಮೆಲೇ ಬಂದಿಳಿದರೆ ಅವರನ್ನು ಹುಡುಕಿಕೊಂಡು ಮೊದಲು ಬರುವವರು ಯಾರು? ಐಸಿಸ್‌ನ ಖೊರಾಸಾನ್ ಪಡೆಯವರು. ತಾಜಿಕ್ ಹುಡುಗರ ಕತೆಯೂ ಬೇರೆಯಲ್ಲ. ಇಲ್ಲಿಯ ಮನೆಮನೆಯಿಂದ ಒಬ್ಬ ರಷ್ಯಾದಲ್ಲಿ ಕೂಲಿಗಿದ್ದಾನೆ. 2024ರ ಮಾರ್ಚಿನಲ್ಲಿ ಮಾಸ್ಕೋದ ಕ್ರೋಕಸ್ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನರನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದ ಬಂದೂಕುಧಾರಿಗಳು ತಾಜಿಕ್ ಯುವಕರು. ಮನೆಯೊಡತಿಯ ಮಗನೂ ಅಲ್ಲಿ ಕಟ್ಟಡ ಕೆಲಸದಲ್ಲಿದ್ದಾನೆ, ಆಮೇಲೆ ಅವನನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡದ ವಾರವಿಲ್ಲವಂತೆ. ಆ ತಾಯಿ ಟಿವಿಯ ಮುಂದೆ ಕೂತು ಅತ್ತದ್ದು ಸತ್ತವರಿಗಾಗಿಯೋ ಮಗನಿಗಾಗಿಯೋ, ಎರಡಕ್ಕೂ ಇರಬೇಕು.

ನೀರಿನದು ಇನ್ನೊಂದು ಚಿಂತೆ. ವಖ್ಶ್ ಮತ್ತು ಪಂಜ್ ಸೇರಿದರೆ ಅಮು ದರಿಯಾ. ತಾಲಿಬಾನ್ ಸರ್ಕಾರ 2022ರಿಂದ ಅದರಿಂದ 285 ಕಿ.ಮೀ. ಉದ್ದದ ಕೋಶ್ ತೆಪಾ ಕಾಲುವೆ ತೋಡಿಸುತ್ತಿದೆ. ಕೆಳಗಿನ ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನಗಳ ಹತ್ತಿ ಹೊಲಗಳಿಗೆ ದಿಗಿಲು ಹುಟ್ಟಿದೆ. ಗೊರೂರು ಡ್ಯಾಮಿನ ಗೇಟು ತೆಗೆದರೂ ಗಲಾಟೆ, ಮುಚ್ಚಿದರೂ ಗಲಾಟೆ ನೋಡಿ ಬೆಳೆದವರು ನಾವು. ಆದರೂ ಹೇಮಾವತಿ ನೀರಿಗೆ ನ್ಯಾಯಮಂಡಳಿಯ ತೀರ್ಪಿದೆ, ಸುಪ್ರೀಂ ಕೋರ್ಟಿದೆ, ತಿಂಗಳ ಲೆಕ್ಕ ಕೇಳುವ ಪ್ರಾಧಿಕಾರವಿದೆ. ಇಲ್ಲಿ ಮಧ್ಯ ಏಷ್ಯಾದ ಐದು ದೇಶಗಳು 1992ರಲ್ಲಿ ಮಾಡಿಕೊಂಡ ನೀರಿನ ಒಪ್ಪಂದದಲ್ಲಿ ಅಫ್ಘಾನಿಸ್ತಾನದ ಸಹಿಯೇ ಇಲ್ಲ. ಆ ರೈತರಿಗೂ ನೀರಿನ ಹಕ್ಕಿದೆ, ಅದನ್ನು ಕೂತು ಬರೆದುಕೊಳ್ಳಲು ಕಾಬೂಲನ್ನು ಮೇಜಿಗೆ ಕರೆಯದೆ ದಾರಿಯಿಲ್ಲ. 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಅಜಿತ್ ಡೋಭಾಲ್ ಎಂಟು ದೇಶಗಳ ಭದ್ರತಾ ಸಭೆ ಕರೆದಾಗ ಚೀನಾ, ಪಾಕಿಸ್ತಾನ ಬರಲೇ ಇಲ್ಲ. ಅವರವರ ಸಭೆ ಅವರವರದು. ಈ ಅಕ್ಟೋಬರಿನಲ್ಲಿ ನಮ್ಮವರು ಕಾಬೂಲಿನ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ, ನಿನಗೆ ಹಿಡಿಸದಿದ್ದರೂ.

ಹೀಗೆ ಬರೆಯುವಾಗ ನನ್ನ ಗಂಟಲಿನಲ್ಲಿ ಸಿಕ್ಕಿಕೊಳ್ಳುವುದೊಂದಿದೆ. ದುಶಾಂಬೆ ಹತ್ತಿರದ ವಹ್ದತ್ ಊರಿನಲ್ಲಿ ಅಫ್ಘಾನ್ ನಿರಾಶ್ರಿತರು ಬಹಳ. ಅಲ್ಲಿ ನನಗೊಬ್ಬ ಗೆಳತಿ ಇದ್ದಾಳೆ, ಕಾಬೂಲಿನಲ್ಲಿ ನನ್ನ ಹಾಗೇ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವಳು. ಈಗ ಹೊಲಿಗೆ ಮಾಡುತ್ತಾಳೆ. ಅವಳ ತಂಗಿ ಕಾಬೂಲಿನಲ್ಲೇ ಇದ್ದಾಳೆ. 2021ರಲ್ಲಿ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿತು, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು. "ನೀನು ಕಳಿಸುವ ಕರೆಂಟಿನಲ್ಲಿ ಅವರು ನನ್ನ ತಂಗಿಯನ್ನು ಒಳಗೆ ಕೂಡಿಡುತ್ತಾರೆ" ಅಂದಳು ಒಂದು ದಿನ. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಆದರೂ ಲೈನ್ ಮುಗಿಸಿ. ಅವಳು ರಾತ್ರಿ ಫೋನಿನಲ್ಲಿ ಪಾಠ ಕೇಳುತ್ತಾಳೆ, ಚಾರ್ಜ್ ಬೇಕು" ಅಂದಳು. ತಾಲಿಬಾನ್ ಜೊತೆ ಮಾತು ಬೇಕು ಎಂದು ವಾದಿಸುವ ನಾನು ಈ ಹುಡುಗಿಯ ಮಾತನ್ನೂ ಅದೇ ಮೇಜಿನ ಮೇಲಿಡಿ ಎಂದು ಕೇಳಲೇಬೇಕು. ಅರ್ಧ ದೇಶವನ್ನು ಮನೆಯೊಳಗೆ ಹಾಕಿ ಬೀಗ ಜಡಿದ ಸರ್ಕಾರ ತನ್ನ ಗಡಿಯನ್ನು ಎಷ್ಟು ಕಾಲ ನೆಮ್ಮದಿಯಾಗಿ ಇಟ್ಟೀತು? ಭದ್ರತೆಯ ಸಭೆಗಳಲ್ಲಿ ಡ್ರೋನು, ಅಫೀಮು, ಬಂದೂಕುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದಕ್ಕೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲು.

ಅಣ್ಣ, ಈಗ ಬರಲು ಹೇಳಬೇಡ. ನನ್ನ ಗುತ್ತಿಗೆ ಬರುವ ಬೇಸಿಗೆಯವರೆಗಿದೆ, ಅದನ್ನು ಪೂರೈಸಿ ಬರುತ್ತೇನೆ. ಗಡಿಯ ಕಡೆಗೆ ಕಳಿಸಿದರೆ ಒಪ್ಪುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ನಿನಗೂ ಕೊಡುತ್ತೇನೆ.

ಕಾಫಿ ಕೊಯ್ಲು ಎಲ್ಲಿಗೆ ಬಂತು? ಆಲೂರು ಕಡೆ ಮತ್ತೆ ಆನೆ ಬಂದಿವೆಯಂತೆ, ಆಳುಗಳನ್ನು ಬೆಳಕು ಹರಿಯುವ ಮೊದಲು ತೋಟಕ್ಕೆ ಕಳಿಸಬೇಡ, ನೀನೂ ಹೋಗಬೇಡ. ಅಮ್ಮನ ಬಿಪಿ ಮಾತ್ರೆ ತಿಂಗಳಿಗೊಮ್ಮೆ ಹಾಸನದಿಂದಲೇ ತರಿಸು. ಪುಟ್ಟಿಯ ಪಿಯುಸಿ ಫೀಸಿಗೆ ಹಣ ಹಾಕಿದ್ದೇನೆ, ಬೇಡ ಎಂದು ವಾಪಸು ಕಳಿಸಿದರೆ ನಿಜವಾಗಿ ಜಗಳವಾಗುತ್ತದೆ. ಭೌತಶಾಸ್ತ್ರದಲ್ಲಿ ಅರ್ಥವಾಗದ್ದನ್ನು ಅವಳು ಭಾನುವಾರ ಸಂಜೆ ಫೋನ್ ಮಾಡಿ ಕೇಳಲಿ, ನಾನು ಕಾಯುತ್ತಿರುತ್ತೇನೆ.

ಇಂತಿ ನಿನ್ನ ತಂಗಿ