ಭಾನುವಾರದ ಆಟ: ಚೆಂಡು ನಾನೇ ತರುತ್ತೇನೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬಿಸಿಲು ಬೆಳಿಗ್ಗೆ ಎಂಟಕ್ಕೇ ನೆತ್ತಿ ಸುಡುತ್ತಿದೆ. ಹಾಗಾಗಿ ಈ ಭಾನುವಾರ ಸಂಜೆ 6ಕ್ಕೆ ಜೇವರ್ಗಿ ರಸ್ತೆಯ ಒಳಾಂಗಣದಲ್ಲಿ ಆಡೋಣ. ಇದು ಫುಟ್ಸಾಲ್, ಅಂದರೆ ಒಳಾಂಗಣದ ಫುಟ್‌ಬಾಲ್; ಬಯಲಿನ ಅಭ್ಯಾಸಗಳನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡಿ.

ಗೋಲ್‌ಕೀಪರ್ ಸೇರಿ ತಂಡಕ್ಕೆ 5 ಜನ. ಆಫ್‌ಸೈಡ್ (ಎದುರಾಳಿಗಳನ್ನು ದಾಟಿ ಮುಂದೆ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ. ಚೆಂಡು ಪಕ್ಕದ ಗೆರೆ ದಾಟಿದರೆ ಕೈಯಿಂದ ಎಸೆಯುವಂತಿಲ್ಲ, ಗೆರೆಯ ಮೇಲಿಟ್ಟು 4 ಸೆಕೆಂಡಿನೊಳಗೆ ಒದೆಯಬೇಕು. (ಕಳೆದ ಬಾರಿ ಇದಕ್ಕೇ ಹತ್ತು ನಿಮಿಷ ಜಗಳವಾಯಿತು.) ಒಂದೇ ಅವಧಿಯಲ್ಲಿ ಆರನೆಯ ಫೌಲ್ ಮಾಡಿದ ತಂಡ, 10 ಮೀಟರ್ ದೂರದಿಂದ ಬರುವ ಒದೆತಕ್ಕೆ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಅಡ್ಡಗೋಡೆ ಕಟ್ಟುವಂತಿಲ್ಲ.

ಇನ್ನು ಚೆಂಡು. ದಯವಿಟ್ಟು ಯಾರೂ ಬಯಲಾಟದ ಸೈಜ್ 5 ಚೆಂಡು ತರಬೇಡಿ; ಒಳಗೆ ಅದು ಕಪ್ಪೆಯಂತೆ ಕುಪ್ಪಳಿಸುತ್ತದೆ. ಫುಟ್ಸಾಲ್ ಚೆಂಡು ಸೈಜ್ 4, ಸುತ್ತಳತೆ 62ರಿಂದ 64 ಸೆಂ.ಮೀ. ಅದನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ 65 ಸೆಂ.ಮೀ.ಗಿಂತ ಮೇಲೆ ಪುಟಿಯಬಾರದು.

ನಾನು ತರುವುದು ಜಲಂಧರ್‌ನಲ್ಲಿ ಕೈಯಿಂದ ಹೊಲಿದ ಚೆಂಡು. ಐದು ಮೂಲೆಯ 12, ಆರು ಮೂಲೆಯ 20 ತುಂಡುಗಳು. ದಿಂಬಿನ ಚೀಲದಂತೆ ಒಳಮೈಯನ್ನು ಹೊರಗಿಟ್ಟು ಹೊಲಿಯುತ್ತಾರೆ, ಉಳಿದ ಸಂದಿನಿಂದ ಮಗುಚುತ್ತಾರೆ, ಕೊನೆಯ ಹೊಲಿಗೆಯನ್ನು ಮಾತ್ರ ಹೊರಗಿನಿಂದ ಬಿಗಿಯುತ್ತಾರೆ. ಅದೇ ಕಷ್ಟದ ಕೆಲಸ. ಆದ್ದರಿಂದ ಚೆಂಡಿನ ಮೇಲೆ ಕೂರುವವರಿಗೆ ನನ್ನಿಂದ ಬೈಗುಳ ಖಚಿತ.

ಮೊಳೆ ಬೂಟು ಬೇಡ. ಬರುವವರು ಶನಿವಾರ ರಾತ್ರಿ 9ರೊಳಗೆ ಹೆಸರು ಹಾಕಿ.